ಒಬ್ಬರೇ ಹೊರಟಾಗ ಹೊತ್ತಿನ ಲೆಕ್ಕ

ಕೊಡಗಿಗೆ ಒಬ್ಬರೇ ಬರಬೇಕೆಂದಿರುವ ಗೆಳತಿಯರು, ಅವರ ಹೆಣ್ಣುಮಕ್ಕಳು, ಈಚೆಗೆ ಗಂಡುಮಕ್ಕಳ ತಂದೆತಾಯಿಯರು ಕೂಡ ನನ್ನಲ್ಲಿ ಕೇಳುವ ಮೊದಲ ಪ್ರಶ್ನೆ, ಅಲ್ಲಿ ಒಬ್ಬರೇ ಓಡಾಡುವುದು ಸುರಕ್ಷಿತವೇ ಎಂಬುದು. ಹೌದು ಎಂದರೂ ಇಲ್ಲ ಎಂದರೂ ಉತ್ತರ ಅರ್ಧವೇ ಆಗುತ್ತದೆ. ಸಿದ್ದಾಪುರದಿಂದ ಮಾಲ್ದಾರೆಯ ಕಡೆಗೆ ಹೋಗುವ ತೋಟದ ರಸ್ತೆಯಲ್ಲಿ ನಡುಮಧ್ಯಾಹ್ನ ಕೊಡೆ ಹಿಡಿದು ನಡೆದು ಹೋಗುವ ಹೆಂಗಸರು ಸಿಗುತ್ತಾರೆ; ಸಂಜೆ ಆರೂವರೆ ದಾಟಿದ ಮೇಲೆ ಅಲ್ಲಿಯೇ ಹುಟ್ಟಿ ಬೆಳೆದವರೂ ಆ ರಸ್ತೆಯಲ್ಲಿ ನಡೆಯಲು ಹಿಂಜರಿಯುತ್ತಾರೆ. ಭಾಗಮಂಡಲದ ತ್ರಿವೇಣಿ ಸಂಗಮದ ಮೆಟ್ಟಿಲುಗಳ ಮೇಲೆ ಜನವರಿಯಲ್ಲಿ ಕುಳಿತು ಕಾಲು ನೆನೆಸಬಹುದು. ಮಳೆ ಜೋರಾದ ಜುಲೈಯಲ್ಲಿ ಆ ಮೆಟ್ಟಿಲುಗಳೇ ಕಾಣುವುದಿಲ್ಲ. ಆದ್ದರಿಂದ ಯಾವ ತಿಂಗಳಲ್ಲಿ, ಯಾವ ರಸ್ತೆಯಲ್ಲಿ, ಎಷ್ಟು ಹೊತ್ತಿಗೆ ಎಂದು ನಾನು ಮರಳಿ ಕೇಳುತ್ತೇನೆ. ಕೇಳಿದವರಿಗೆ ಇದು ನುಣುಚಿಕೊಳ್ಳುವ ಮಾತಾಗಿ ಕಾಣಬಹುದು. ಆದರೆ ಇಲ್ಲಿ ಓಡಾಡಿದಷ್ಟೂ ನನಗೆ ಖಚಿತವಾಗುತ್ತ ಬಂದಿರುವ ಸಂಗತಿ ಇದೊಂದೇ: ಕೊಡಗಿನಲ್ಲಿ ಒಬ್ಬರೇ ಇರುವವರನ್ನು ಕಾಯುವುದು ಹೊತ್ತಿನ ತಿಳಿವಳಿಕೆ, ಮತ್ತು ಆ ಹೊತ್ತಿನಲ್ಲಿ ನಾವು ಎಲ್ಲಿದ್ದೇವೆಂದು ಬಲ್ಲ ಇನ್ನೊಬ್ಬರು.

ನಾನು ವಿರಾಜಪೇಟೆಯವಳು. ಸ್ತ್ರೀಶಕ್ತಿ ಸಂಘಗಳ ಲೆಕ್ಕಪುಸ್ತಕ ನೋಡುವ ಕೆಲಸದಿಂದಾಗಿ ಜಿಲ್ಲೆಯ ಮೂಲೆಮೂಲೆಗೆ ಬಸ್ಸಿನಲ್ಲಿ ಒಬ್ಬಳೇ ಹೋಗಿ ಬರುತ್ತೇನೆ. ಬೇಕಾದಾಗ ಹೊರಟು ಬೇಕಾದಾಗ ಮರಳುವ ಪ್ರವಾಸಿಗಳ ಅನುಕೂಲ ನನಗಿಲ್ಲ. ಹೆಂಗಸರು ತೋಟದ ಕೆಲಸ ಮುಗಿಸಿ ಸಭೆ ಸೇರುವಾಗಲೇ ಬಿಸಿಲು ಇಳಿದಿರುತ್ತದೆ. ಸಾಲದ ಕಂತಿನ ಚರ್ಚೆ ಒಂದು ತೀರ್ಮಾನಕ್ಕೆ ಬರುವಾಗ ಕೊನೆಯ ಬಸ್ಸಿಗೆ ಕಾಲು ಗಂಟೆ ಉಳಿದಿದ್ದರೆ ಪುಣ್ಯ. ಕೊಡಗಿಗೆ ರೈಲುಮಾರ್ಗವಿಲ್ಲ, ನಗರಗಳಲ್ಲಿ ಕರೆದ ಕೂಡಲೇ ಬರುವ ಆ್ಯಪ್ ಟ್ಯಾಕ್ಸಿಗಳನ್ನು ನಂಬಿ ಇಲ್ಲಿ ಹೊರಡುವಂತಿಲ್ಲ. ಉಳಿಯುವುದು ಸರ್ಕಾರಿ ಬಸ್ಸು, ಖಾಸಗಿ ಬಸ್ಸು, ಆಟೊ ಮತ್ತು ಜೀಪು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ ಸರ್ಕಾರಿ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ಟಿನ ಖರ್ಚು ಇಲ್ಲವಾದ ಮೇಲೆ ಒಬ್ಬರೇ ಹೊರಟ ಹೆಂಗಸರು ಬಸ್ಸಿನಲ್ಲಿ ಯಾರ ಕಣ್ಣಿಗೂ ವಿಶೇಷವೆನಿಸದಂತಾಗಿದ್ದಾರೆ. ಗಂಡಸಿನ ಜೊತೆಯಿಲ್ಲದ ಹೆಂಗಸನ್ನು ಕಂಡು ಹುಬ್ಬೇರಿಸುವ ಕಾಲ ಬಸ್ಸಿನೊಳಗಾದರೂ ಮುಗಿದಿದೆ, ಹಾಗೆ ಎದ್ದು ಕಾಣದೆ ಇರುವುದೇ ಒಂದು ಬಗೆಯ ರಕ್ಷಣೆ ಎಂಬುದು ನನ್ನ ಎಣಿಕೆ.

ಹೊರಗಿನಿಂದ ಬರುವವರ ಲೆಕ್ಕ ಮೊದಲು ತಪ್ಪುವುದು ತಲುಪುವ ಹೊತ್ತಿನಲ್ಲಿ. ಬೆಂಗಳೂರಿನಿಂದ ಮಡಿಕೇರಿಗೆ ಸುಮಾರು 260 ಕಿಲೋಮೀಟರ್. ರಾತ್ರಿ ಹತ್ತು ಹನ್ನೊಂದಕ್ಕೆ ಬಸ್ಸು ಹತ್ತಿದರೆ ಒಂದು ರಾತ್ರಿಯ ಕೋಣೆ ಬಾಡಿಗೆ ಉಳಿಯುತ್ತದೆ ಎಂದು ಅನೇಕರು ಹಾಗೆಯೇ ಬರುತ್ತಾರೆ. 2023ರಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಗಿ ಪ್ರಯಾಣದ ಅವಧಿ ಇಳಿದ ಮೇಲೆ ಈ ಬಸ್ಸುಗಳು ಇನ್ನೂ ಬೇಗ, ಅಂದರೆ ಇನ್ನೂ ಕತ್ತಲಿರುವಾಗಲೇ, ಜನರನ್ನು ಇಳಿಸಿಬಿಡುತ್ತವೆ. ಸಮುದ್ರ ಮಟ್ಟದಿಂದ 1,100 ಮೀಟರಿಗೂ ಎತ್ತರದಲ್ಲಿರುವ ಮಡಿಕೇರಿಯಲ್ಲಿ ಮುಂಜಾನೆ ನಾಲ್ಕು ಗಂಟೆಯೆಂದರೆ ಹತ್ತು ಮಾರು ಆಚೆಯದೂ ಕಾಣದ ಮಂಜು, ಮುಚ್ಚಿದ ಅಂಗಡಿಗಳು, ಮತ್ತು ಮಧ್ಯಾಹ್ನದವರೆಗೆ ಕೋಣೆ ಸಿಗದ ಹೋಟೆಲುಗಳು. ಒಳನಾಡಿನ ಊರುಗಳಿಗೆ ಹೋಗುವ ಖಾಸಗಿ ಬಸ್ಸುಗಳ ನಿಲ್ದಾಣ ಸರ್ಕಾರಿ ನಿಲ್ದಾಣದಿಂದ ಬೇರೆ ಕಡೆ ಇದೆ. ಆ ಹೊತ್ತಿನಲ್ಲಿ ಚೀಲ ಹೊತ್ತುಕೊಂಡು ಅಲ್ಲಿಗೆ ಹುಡುಕಿಕೊಂಡು ನಡೆಯುವುದು ಬೇಡ. ಬೆಳಗಿನ ಬಸ್ಸಿಗೆ ಹೊರಟು ಮಧ್ಯಾಹ್ನ ತಲುಪುವುದು ಎಲ್ಲಕ್ಕಿಂತ ಒಳ್ಳೆಯದು. ಕತ್ತಲಲ್ಲಿ ಇಳಿಯಲೇಬೇಕಾಗಿ ಬಂದರೆ, ನಿಲ್ದಾಣದ ದೀಪದ ಕೆಳಗೆ ಸಿಬ್ಬಂದಿಯ ಕಣ್ಣಿಗೆ ಕಾಣುವಂತೆ ಕುಳಿತು ಬೆಳಗಾಗುವವರೆಗೆ ಕಾಯಬೇಕು. ಕೋಣೆ ತೋರಿಸುತ್ತೇನೆಂದು ತಾನಾಗಿ ಬರುವವರೊಂದಿಗೆ ಹೊರಡಬಾರದು. ಅವರಲ್ಲಿ ಬಹುಮಂದಿ ಕಮಿಷನ್ನಿಗಾಗಿ ಓಡಾಡುವ ಪಾಪದವರೇ ಇರಬಹುದು, ಆದರೆ ಯಾರು ಎಂಥವರೆಂದು ವಿಚಾರಿಸುವ ಅನುಕೂಲ ನಾಲ್ಕು ಗಂಟೆಗೆ ಇರುವುದಿಲ್ಲ, ಎಂಟು ಗಂಟೆಗೆ ಇರುತ್ತದೆ.

ಇನ್ನು ಸಂಜೆಯ ಮಾತು. ಡಿಸೆಂಬರಿನಲ್ಲಿ ಇಲ್ಲಿ ಆರು ಗಂಟೆಯ ಆಸುಪಾಸಿಗೆ ಸೂರ್ಯ ಮುಳುಗುತ್ತಾನೆ. ಕಾಫಿ ತೋಟದ ನೆರಳಿನ ಮರಗಳ ಕೆಳಗೆ ಕತ್ತಲೆ ಅದಕ್ಕೂ ಮೊದಲೇ ಬಂದು ಕೂರುತ್ತದೆ. ಮೇಲೆ ಆಕಾಶ ಇನ್ನೂ ಕೆಂಪಗಿದ್ದರೂ ಗಿಡಗಳ ನಡುವಿನ ದಾರಿಯಲ್ಲಿ ಎದುರಿಗೆ ಇರುವುದು ಬಂಡೆಯೋ ಆನೆಯೋ ಎಂದು ಗುರುತಾಗದ ಅರ್ಧ ಗಂಟೆಯೊಂದಿದೆ. ಹಗಲೆಲ್ಲ ತೋಟದ ಒಳಗೆ ಅಥವಾ ಕಾಡಿನ ಅಂಚಿನಲ್ಲಿ ನಿಂತ ಆನೆಗಳು ನೀರಿಗೆ, ಮೇವಿಗೆ ಹೊರಡುವ ಹೊತ್ತೂ ಅದೇ. ಸಿದ್ದಾಪುರ, ಮಾಲ್ದಾರೆ, ಚೆಟ್ಟಳ್ಳಿ, ಪಾಲಿಬೆಟ್ಟ, ತಿತಿಮತಿ ಕಡೆಗಳಲ್ಲಿ ಆನೆ ಅಪರೂಪದ ಅತಿಥಿಯಲ್ಲ, ನಿತ್ಯದ ನೆರೆಯದು. ಹಲಸು ಹಣ್ಣಾಗುವ ಬೇಸಿಗೆಯ ಕೊನೆಯಲ್ಲಿ, ಭತ್ತ ತೆನೆಕಟ್ಟುವಾಗ, ಕಾಫಿ ಹಣ್ಣಾಗುವಾಗ ಅವುಗಳ ಓಡಾಟ ಒಂದೊಂದು ಬಗೆಯಾಗಿರುತ್ತದೆ. ದಕ್ಷಿಣ ಕೊಡಗಿನಲ್ಲಿ ಹುಲಿಯ ಭಯವೂ ಇಲ್ಲದಿಲ್ಲ. 2021ರ ಆರಂಭದಲ್ಲಿ ಅಲ್ಲಿ ಹುಲಿ ದಾಳಿಗೆ ಜನ ಬಲಿಯಾದದ್ದು ಊರವರ ನೆನಪಿನಿಂದ ಹೋಗಿಲ್ಲ. ಆದರೂ ಪ್ರವಾಸಿಗೆ ಎದುರಾಗುವ ಸಂಭವ ಹೆಚ್ಚಿರುವುದು ಆನೆಯೇ.

ತೋಟದಲ್ಲಿ ಕೆಲಸ ಮಾಡುವವರನ್ನು ನೋಡಿ ಕಲಿಯುವುದು ಬಹಳವಿದೆ. ಬೆಳಿಗ್ಗೆ ಕೆಲಸಕ್ಕೆ ಇಳಿಯುವ ಮೊದಲು ಅವರು ಒಬ್ಬರನ್ನೊಬ್ಬರು ಕೇಳುವುದು, ಆನೆ ಯಾವ ಕಡೆ ಉಂಟು ಎಂದು. ಅರಣ್ಯ ಇಲಾಖೆಯ ತಂಡಗಳು, 2022ರಲ್ಲಿ ರಚನೆಯಾದ ಆನೆ ಕಾರ್ಯಪಡೆಯೂ ಸೇರಿ, ಹಿಂಡು ಇರುವ ಜಾಗದ ಸೂಚನೆ ಕೊಡುತ್ತವೆ, ಅದು ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತದೆ. ಪ್ರವಾಸಿಗೆ ಆ ಗುಂಪಿನಲ್ಲಿ ಜಾಗವಿಲ್ಲ, ಆದರೆ ಅದನ್ನು ಓದಿರುವ ಅಂಗಡಿಯವರು, ಆಟೊದವರು, ತೋಟದ ಲೆಕ್ಕ ನೋಡುವ ರೈಟರ್ ಎಲ್ಲ ಕಡೆ ಇದ್ದಾರೆ. ನಡೆಯಲು ಹೊರಡುವ ಮುನ್ನ ಅವರಲ್ಲೊಬ್ಬರನ್ನು ಕೇಳುವುದಕ್ಕೆ ಅರ್ಧ ನಿಮಿಷ ಸಾಕು. ಒಮ್ಮೆ ಚೆಟ್ಟಳ್ಳಿಯ ಹತ್ತಿರ ತೋಟದ ಕೆಲಸಗಾರರು ವಾಸಿಸುವ ಲೈನ್‌ಮನೆಯ ಹೆಂಗಸೊಬ್ಬರು, "ಮೇಡಂ, ನಿಲ್ಲಿ, ಕೆಳಗೆ ವಾಸನೆ ಉಂಟು" ಎಂದು ನನ್ನನ್ನು ತಡೆದರು. ನನ್ನ ಮೂಗಿಗೆ ಕಾಫಿ ಹೂವಿನ ಪರಿಮಳದ ಹೊರತು ಏನೂ ಬಡಿದಿರಲಿಲ್ಲ. ಹತ್ತು ನಿಮಿಷದ ನಂತರ ಕೆಳಗಿನ ಕೆರೆಯ ಬದಿಯಲ್ಲಿ ಬಿದಿರು ಮುರಿಯುವ ಸದ್ದು ಕೇಳಿಸಿತು. ಹಸಿ ಲದ್ದಿ, ಹೊಸದಾಗಿ ಮುರಿದು ತೊಗಟೆ ಸುಲಿದ ಕೊಂಬೆ, ಒಮ್ಮೆಲೇ ಬೊಗಳತೊಡಗಿದ ತೋಟದ ನಾಯಿಗಳು, ಇವೆಲ್ಲ ತಿರುಗಿ ಹೋಗಲು ಸಾಕಷ್ಟು ಕಾರಣಗಳು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಡೆಯುವವರಿಗೆ ಇವುಗಳಲ್ಲಿ ಅರ್ಧ ತಿಳಿಯುವುದೇ ಇಲ್ಲ. ಬೈಕಿನಲ್ಲಿರುವಾಗ ಆನೆ ಎದುರಾದರೆ ಹಾರ್ನ್ ಹಾಕಬಾರದು, ದೀಪ ಹಾಯಿಸಬಾರದು, ಮೊಬೈಲ್ ಎತ್ತಬಾರದು. ದೂರದಲ್ಲೇ ನಿಂತು, ಹಿಂದೆ ಸರಿದು, ಅದು ದಾಟುವವರೆಗೆ ಕಾಯಬೇಕು. ಮರಿಯಿರುವ ಹಿಂಡಿಗೆ ನಮ್ಮ ಅವಸರ ಅರ್ಥವಾಗುವುದಿಲ್ಲ. ಗಂಡಾನೆ ಬೆಳೆದ ಮೇಲೆ ಹಿಂಡು ಬಿಟ್ಟು ತಿರುಗುವ ಪ್ರಾಣಿ. ಕೊಡಗಿನಲ್ಲಿ ಒಬ್ಬರೇ ಓಡಾಡುವವರ ಪೈಕಿ ಎಲ್ಲರೂ ದಾರಿ ಬಿಟ್ಟುಕೊಡುವುದು ಒಂಟಿ ಸಲಗಕ್ಕೆ ಮಾತ್ರ, ಆ ಗೌರವವನ್ನು ನಾವು ನಿರೀಕ್ಷಿಸುವಂತಿಲ್ಲ.

ಹೊತ್ತಿನ ಲೆಕ್ಕವನ್ನು ಸರ್ಕಾರವೇ ಗೇಟು ಹಾಕಿ ಕಲಿಸುವ ರಸ್ತೆಗಳೂ ಇವೆ. ಕುಟ್ಟದ ಬಳಿಯ ನಾಣಚ್ಚಿ ಗೇಟಿನಿಂದ ನಾಗರಹೊಳೆಯ ಒಳಗೆ ಹಾದು ಹುಣಸೂರಿಗೆ ಹೋಗುವ ದಾರಿ ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಮುಚ್ಚಿರುತ್ತದೆ. ಗೇಟಿಗೆ ಐದೂಮುಕ್ಕಾಲಿಗೆ ತಲುಪಿ ಒಳಗೆ ಬಿಡಿ ಎಂದು ವಾದಿಸುವುದು ದಡ್ಡತನ, ಏಕೆಂದರೆ ಕಾಡಿನ ನಡುವೆ ಬೈಕು ಕೆಟ್ಟರೆ ಹಿಂದಿನಿಂದ ಬರುವ ವಾಹನವೇ ಇರುವುದಿಲ್ಲ. ತಿತಿಮತಿ, ಆನೆಚೌಕೂರು ಮೂಲಕ ಹೋಗುವ ಗೋಣಿಕೊಪ್ಪ–ಹುಣಸೂರು ರಸ್ತೆ ರಾತ್ರಿಯೂ ತೆರೆದಿದೆ, ಆದರೆ ಅದೂ ಆನೆ ದಾಟುವ ಕಾಡಿನ ರಸ್ತೆಯೇ. ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ ಮಾಕುಟ್ಟದ ಮೂಲಕ ಕೇರಳದ ಕೂಟುಪೊಳೆಗೆ ಇಳಿಯುವ ಘಾಟಿಯಲ್ಲಿ ಮನೆಗಳಿಲ್ಲ, ಬಹುಭಾಗ ನೆಟ್‌ವರ್ಕಿಲ್ಲ, ಮಳೆಗಾಲದಲ್ಲಿ ಬರೆ, ಅಂದರೆ ರಸ್ತೆಬದಿಯ ಮಣ್ಣಿನ ದಿಬ್ಬ, ಕುಸಿಯುವುದು ಹೊಸದಲ್ಲ. ಭಾಗಮಂಡಲದಿಂದ ಕರಿಕೆಗೆ ಇಳಿಯುವ ದಾರಿಯೂ ಅಷ್ಟೇ ನಿರ್ಜನ. ಈ ದಾರಿಗಳಲ್ಲಿ ಒಬ್ಬರೇ ಹೋಗುವುದಾದರೆ ಬಸ್ಸಿನಲ್ಲಿ ಹೋಗಬೇಕು, ಸ್ವಂತ ವಾಹನವಾದರೆ ಮಧ್ಯಾಹ್ನದೊಳಗೆ ಕೆಳಗಿಳಿದಿರಬೇಕು, ಮತ್ತು ಪೆಟ್ರೋಲಿನ ಮುಳ್ಳು ಹೊರಡುವ ಊರಿನಲ್ಲೇ ಮೇಲಿರಬೇಕು.

ಬಸ್ಸಿನಲ್ಲಿ ಕುಳಿತರೆ ಮತ್ತೊಂದು ಬಗೆಯ ಕಾವಲು ತಾನಾಗಿ ಸಿಗುತ್ತದೆ. ಪಕ್ಕದವರು ಕೇಳುತ್ತಾರೆ: ಎಲ್ಲಿಗೆ, ಯಾರ ಮನೆಗೆ? ಕೊಡಗಿನಲ್ಲಿ ಮನುಷ್ಯರನ್ನು ಗುರುತಿಸುವುದೇ ಮನೆಯ ಹೆಸರಿನಿಂದ. ಕೊಡವರ ಒಕ್ಕಕ್ಕೂ (ಒಂದೇ ಮೂಲದ ಮನೆತನ) ಅರೆಭಾಷೆ ಗೌಡರ ಕುಟುಂಬಕ್ಕೂ ಮನೆ ಹೆಸರಿದೆ, ಅದನ್ನು ಹೇಳಿದರೆ ಊರು, ನೆಂಟಸ್ತನ, ಕೆಲವೊಮ್ಮೆ ಮೂರು ತಲೆಮಾರಿನ ವ್ಯಾಜ್ಯವೂ ಎದುರಿನವರಿಗೆ ತಿಳಿದುಬಿಡುತ್ತದೆ. ನಗರದಿಂದ ಬಂದವರಿಗೆ ಈ ವಿಚಾರಣೆ ಕಿರಿಕಿರಿ. ನನಗೂ ಕಾಲೇಜಿನ ದಿನಗಳಲ್ಲಿ ಹಾಗೆಯೇ ಅನಿಸುತ್ತಿತ್ತು. ಆದರೆ ಇಂಥವರ ಮನೆಗೆ ಹೋಗುವವಳು ಎಂದು ನಾಲ್ಕು ಜನ ಬಲ್ಲ ಹೆಂಗಸು ದಾರಿಯಲ್ಲಿ ಕಾಣದಂತೆ ಮಾಯವಾಗುವುದು ಕಷ್ಟ. ಕಂಡಕ್ಟರನಿಗೆ ಇಳಿಯುವ ಜಾಗ ಮೊದಲೇ ಹೇಳಿದರೆ ಆತ ಆ ತಿರುವಿನಲ್ಲಿ ಕೂಗಿ ಕರೆಯುತ್ತಾನೆ, ಕರೆದೊಯ್ಯಲು ಯಾರೂ ಬಂದಿಲ್ಲವೆಂದು ಕಂಡರೆ ಕೇಳದೆಯೂ ಇರುವುದಿಲ್ಲ. ರಾತ್ರಿ ಊರಿಗೆ ಬಂದು ಅಲ್ಲಿಯೇ ಉಳಿದು ಬೆಳಿಗ್ಗೆ ಮರಳುವ ಹಾಲ್ಟ್ ಬಸ್ಸುಗಳ ಚಾಲಕ, ನಿರ್ವಾಹಕರಿಗೆ ಆ ದಾರಿಯ ಮನೆ ಮನೆಯೂ ಗೊತ್ತಿರುತ್ತದೆ.

ಇಲ್ಲಿ ಒಂದು ಎಚ್ಚರ ಬೇಕು. ಉಳಿದುಕೊಳ್ಳುವ ಮನೆಯ ಹೆಸರು ಹೇಳುವುದು ಬೇರೆ, ನಾನು ಒಬ್ಬಳೇ ಇದ್ದೇನೆ, ನಾಳೆ ಬೆಳಿಗ್ಗೆ ಇಂಥ ಗುಡ್ಡ ಹತ್ತುತ್ತೇನೆ ಎಂದು ವಿವರಿಸುವುದು ಬೇರೆ. ಮೊದಲನೆಯದು ನಮ್ಮ ಬೆನ್ನಿಗೆ ಜನರಿದ್ದಾರೆಂದು ತಿಳಿಸುತ್ತದೆ, ಎರಡನೆಯದು ಜನರಿಲ್ಲದ ಹೊತ್ತು ಯಾವುದೆಂದು ತಿಳಿಸುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಇದ್ದ ಜಾಗದಿಂದಲೇ ಚಿತ್ರ ಹಾಕುವುದು ಎರಡನೆಯ ಬಗೆಯದು. ಚಿತ್ರ ಎಲ್ಲಿಗೂ ಓಡಿಹೋಗುವುದಿಲ್ಲ. ಆ ಊರು ಬಿಟ್ಟ ಮೇಲೆ ಹಾಕಬಹುದು.

ತಂಗುವ ಜಾಗದ ಆಯ್ಕೆಯಲ್ಲಿ ಜನ ನೋಟಕ್ಕೆ ಕೊಡುವ ಬೆಲೆಯನ್ನು ವಿಳಾಸಕ್ಕೆ ಕೊಡುವುದಿಲ್ಲ. ತೋಟದ ನಟ್ಟನಡುವೆ, ಡಾಂಬರು ರಸ್ತೆಯಿಂದ ಎರಡು ಮೂರು ಕಿಲೋಮೀಟರ್ ಒಳಗೆ, ಜೀಪು ಮಾತ್ರ ಇಳಿಯುವ ಜಾಗದಲ್ಲಿರುವ ಹೋಂಸ್ಟೇ ನಾಲ್ಕು ಜನರ ಗುಂಪಿಗೆ ಚೆಂದ. ಒಬ್ಬರೇ ಬರುವವರು ಕೇಳಿ ತಿಳಿಯಬೇಕಾದದ್ದು ಬೇರೆಯೇ ಇದೆ: ಮನೆಯವರು ಅಲ್ಲಿಯೇ ವಾಸವಾಗಿದ್ದಾರೆಯೇ, ಇಲ್ಲವೇ ಕೀಲಿ ಕೊಟ್ಟು ಹೋಗುವ ಒಬ್ಬ ಕೆಲಸದವ ಮಾತ್ರವೇ? ಮುಖ್ಯರಸ್ತೆಯಿಂದ ಎಷ್ಟು ದೂರ, ಸಂಜೆ ಯಾರು ಬಂದು ಕರೆದೊಯ್ಯುತ್ತಾರೆ? ಕರೆಂಟು ಹೋದರೆ, ಫೋನು ಸತ್ತರೆ ಅಲ್ಲಿಂದ ಕೂಗಳತೆಯಲ್ಲಿ ಯಾರಿದ್ದಾರೆ? ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿದ ಹೋಂಸ್ಟೇಯೇ ಎಂದು ಕೇಳುವುದಕ್ಕೆ ಸಂಕೋಚ ಬೇಡ. ನೋಂದಣಿಯಿರುವವರು ಅದನ್ನು ಹೆಮ್ಮೆಯಿಂದಲೇ ತೋರಿಸುತ್ತಾರೆ. ಈ ಪ್ರಶ್ನೆಗಳನ್ನು ಮುಂಗಡ ಕಳುಹಿಸುವ ಮೊದಲು ಫೋನಿನಲ್ಲಿ ಕೇಳಬೇಕು. ಉತ್ತರಕ್ಕಿಂತ ಹೆಚ್ಚಾಗಿ ಉತ್ತರಿಸುವ ಧಾಟಿಯಿಂದ ತಿಳಿಯುವುದಿರುತ್ತದೆ: ಮನೆಯ ಹೆಂಗಸರು ಫೋನು ತೆಗೆದುಕೊಂಡು ಯಾವ ಬಸ್ಸಿಗೆ ಬರುತ್ತೀರಿ, ಊಟಕ್ಕೆ ಹಂದಿಮಾಂಸ ಆಗುತ್ತದೆಯೇ ಎಂದು ಮರಳಿ ಕೇಳಿದರೆ ನನ್ನ ಮಟ್ಟಿಗೆ ಅರ್ಧ ಪರೀಕ್ಷೆ ಮುಗಿದಂತೆ. ಗುರುತಿನ ಚೀಟಿಯ ಪ್ರತಿ ಕೊಡುವಾಗ ಆಧಾರಿನ ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಮರೆಮಾಚಿದ ಪ್ರತಿಯನ್ನು ಕೊಡಬಹುದು, ಅದನ್ನು ಆಧಾರ್ ಪ್ರಾಧಿಕಾರದ ಜಾಲತಾಣದಿಂದಲೇ ಇಳಿಸಿಕೊಳ್ಳಲು ಬರುತ್ತದೆ. ಕೋಣೆಯ ಚಿಲಕವನ್ನು ಹಗಲಿನಲ್ಲೇ ಹಾಕಿ ನೋಡಿಕೊಳ್ಳಿ. ಮಳೆನಾಡಿನ ಮರದ ಬಾಗಿಲು ಆಷಾಢದಲ್ಲಿ ಉಬ್ಬಿ ಚಿಲಕ ಕೂರದೆ ಇರುವುದು ಮಾಮೂಲು.

ಮಳೆಯ ವಿಷಯಕ್ಕೆ ಬಂದರೆ ಕೊಡಗಿನ ಜನರ ಮಾತಿನ ಧಾಟಿಯೇ 2018ರ ಆಗಸ್ಟಿನ ನಂತರ ಬದಲಾಗಿದೆ. ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡಗಳು ಮನೆ ತೋಟಗಳನ್ನು ಹೊತ್ತು ಇಳಿದವು, ಮಡಿಕೇರಿ–ಸಂಪಾಜೆ ಹೆದ್ದಾರಿ ವಾರಗಟ್ಟಲೆ ಮುಚ್ಚಿತು. ಮರುವರ್ಷ ಆಗಸ್ಟಿನಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರಾದಲ್ಲಿ, 2020ರ ಆಗಸ್ಟಿನಲ್ಲಿ ತಲಕಾವೇರಿಯಲ್ಲಿ ಗುಡ್ಡ ಕುಸಿಯಿತು. ತಲಕಾವೇರಿಯಲ್ಲಿ ಅರ್ಚಕರ ಮನೆಯೇ ಕೊಚ್ಚಿಹೋಯಿತು. ಆದರೂ ಮಳೆಗಾಲದ ಕೊಡಗು ನೋಡಬೇಕೆಂಬ ಆಸೆ ತಪ್ಪಲ್ಲ, ನಾನೂ ಮಳೆಯನ್ನು ಇಷ್ಟಪಡುವವಳೇ. ಹವಾಮಾನ ಇಲಾಖೆ 24 ಗಂಟೆಗಳಲ್ಲಿ 204.5 ಮಿಲಿಮೀಟರ್ ಮುಟ್ಟುವ ಅಥವಾ ಮೀರುವ ಮಳೆಯನ್ನು ಅತ್ಯಂತ ಭಾರೀ ಮಳೆ ಎಂದು ವರ್ಗೀಕರಿಸುತ್ತದೆ, ರೆಡ್ ಅಲರ್ಟ್ ಬರುವುದು ಸಾಮಾನ್ಯವಾಗಿ ಅಂಥ ಮಳೆಯ ಮುನ್ಸೂಚನೆಯಿದ್ದಾಗ. ಈ ಅಂಕಿ ನೆನಪಿರದವರಿಗೆ ಇನ್ನೊಂದು ಸುಲಭದ ಅಳತೆಗೋಲಿದೆ: ಜಿಲ್ಲಾಡಳಿತ ಶಾಲೆಗಳಿಗೆ ರಜೆ ಘೋಷಿಸಿದೆಯೇ ನೋಡಿ. ಮಳೆಗೆ ಹುಟ್ಟಿ ಮಳೆಯಲ್ಲೇ ಬೆಳೆದ ಮಕ್ಕಳನ್ನು ಮನೆಯಲ್ಲಿರಿ ಎಂದು ಹೇಳಿದ ದಿನ, ಹೊರಗಿನಿಂದ ಬಂದ ಒಬ್ಬಂಟಿ ಪ್ರವಾಸಿ ಘಾಟಿ ಹತ್ತುವುದರಲ್ಲಿ ಅರ್ಥವಿಲ್ಲ. ತಂಗಿದ ಜಾಗದಲ್ಲಿ ಅಂಗಳ ಅಥವಾ ರಸ್ತೆ ಸೀಳು ಬಿಟ್ಟರೆ, ನೆಟ್ಟಗಿದ್ದ ಮರ ವಾಲಿದರೆ, ತಿಳಿಯಾಗಿ ಹರಿಯುತ್ತಿದ್ದ ಒರತೆ ಇದ್ದಕ್ಕಿದ್ದಂತೆ ಕೆಸರಾದರೆ ಬೆಳಗಾಗಲಿ ಎಂದು ಕಾಯಬಾರದು. ಮನೆಯವರನ್ನು ಎಬ್ಬಿಸಿ, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ 1077ಕ್ಕೆ ಕರೆ ಮಾಡಿ, ಅವರೊಂದಿಗೆ ಇಳಿಜಾರಿನಿಂದ ಹೊರಗೆ ಹೋಗಬೇಕು.

ನೀರಿನ ಬಗ್ಗೆ ಹೇಳುವುದು ಕಡಿಮೆ, ಪಾಲಿಸಬೇಕಾದದ್ದು ಕಟ್ಟುನಿಟ್ಟು. ಅಬ್ಬಿ, ಮಲ್ಲಳ್ಳಿ, ಚೇಲಾವರ, ಇರ್ಪು, ಯಾವುದೇ ಜಲಪಾತದಲ್ಲಿ ಒಬ್ಬರೇ ಇರುವಾಗ ನೀರಿಗೆ ಇಳಿಯುವುದು ಬೇಡ. ಈಜು ಬರುತ್ತದೆ ಎಂಬುದು ಇಲ್ಲಿ ಉತ್ತರವಲ್ಲ. ಪಾಚಿಗಟ್ಟಿದ ಬಂಡೆಯ ಮೇಲೆ ಈಜು ಕೆಲಸಕ್ಕೆ ಬಾರದು, ಮತ್ತು ಮೇಲಿನ ಬೆಟ್ಟದಲ್ಲಿ ಸುರಿದ ಮಳೆ ಕೆಳಗೆ ಬಿಸಿಲಿರುವಾಗಲೇ ಬಂದು ತಲುಪುತ್ತದೆ.

ಚಾರಣಕ್ಕೆ ಹೋಗುವವರು ಮೊದಲು ನೋಡಬೇಕಾದದ್ದು ದಾರಿ ತೆರೆದಿದೆಯೇ ಎಂಬುದನ್ನು. ಬೇಸಿಗೆಯ ಕಾಡ್ಗಿಚ್ಚಿನ ದಿನಗಳಲ್ಲಿ, ಜೋರು ಮಳೆಯ ದಿನಗಳಲ್ಲಿ ಅರಣ್ಯ ಇಲಾಖೆ ಬೆಟ್ಟದ ದಾರಿಗಳನ್ನು ಮುಚ್ಚುತ್ತದೆ. ತೆರೆದಿರುವಾಗ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಮುಂಗಡವಾಗಿ ಹೆಸರು ನೋಂದಾಯಿಸಿಕೊಳ್ಳುವ ವ್ಯವಸ್ಥೆ ಬಂದಿದೆ. ಇದನ್ನು ಕಿರುಕುಳವೆಂದು ಬೈಯುವವರಿದ್ದಾರೆ. ಒಬ್ಬರೇ ಹತ್ತುವವರಿಗೆ ಇದಕ್ಕಿಂತ ಉಪಕಾರ ಇನ್ನೊಂದಿಲ್ಲ ಎಂದು ನನಗನಿಸುತ್ತದೆ, ಏಕೆಂದರೆ ಇಂಥವರು ಈ ದಿನ ಒಳಗೆ ಹೋಗಿದ್ದಾರೆಂದು ಒಂದು ದಾಖಲೆಯಲ್ಲಿ ಬರೆದಿರುತ್ತದೆ. ಕದ್ದು ಹೋದವರು ಬೆಟ್ಟದಲ್ಲಿದ್ದಾರೆಂಬ ಸಂಗತಿಯೇ ಯಾರಿಗೂ ಗೊತ್ತಿರುವುದಿಲ್ಲ, ಹುಡುಕುವ ಮಾತು ಆಮೇಲಿನದು.

ತಡಿಯಂಡಮೋಳು ಕೊಡಗಿನ ಅತಿ ಎತ್ತರದ ಬೆಟ್ಟ, 1,748 ಮೀಟರ್. ಕಕ್ಕಬ್ಬೆಯ ನಾಲ್ಕುನಾಡು ಅರಮನೆಯ ಕಡೆಯಿಂದ ಹತ್ತುವ ದಾರಿ ಹಗಲಿನಲ್ಲಿ ತಿಳಿಯಾಗಿಯೇ ಇದೆ. ಆದರೆ ಹುಲ್ಲುಗಾವಲಿನಲ್ಲಿ ಮಂಜು ಕವಿದಾಗ ಕಾಲುದಾರಿಗಳೆಲ್ಲ ಒಂದೇ ರೀತಿ ಕಾಣುತ್ತವೆ. ದನ ನಡೆದ ದಾರಿಯನ್ನು ಜನ ನಡೆದ ದಾರಿಯೆಂದು ಹಿಡಿದು ಹೋದರೆ ಅದು ಬೆಟ್ಟದ ಕಣಿವೆಯ ದಟ್ಟ ಶೋಲಾ ಕಾಡಿನೊಳಗೆ ಕೊನೆಯಾಗುತ್ತದೆ. ಅಲ್ಲಿನ ಗೈಡ್ ಒಬ್ಬರು ಪಾಲಿಸುವ ಕ್ರಮ ನನಗೆ ಬಹಳ ಹಿಡಿಸಿತು. ತುದಿ ಎಷ್ಟು ಹತ್ತಿರವಿದ್ದರೂ ಸರಿ, ಮೊದಲೇ ಗೊತ್ತುಮಾಡಿದ ಹೊತ್ತಿಗೆ ಅವರು ತಿರುಗಿಬಿಡುತ್ತಾರೆ. ಹತ್ತು ನಿಮಿಷದ ದಾರಿ ಎಂದು ಗೋಗರೆದರೂ ಕೇಳುವುದಿಲ್ಲ. ಮಂಜಿನಲ್ಲಿ ದಾರಿ ತಪ್ಪಿದರೆ ನಿಂತ ಜಾಗದಲ್ಲೇ ನಿಂತು ತಿಳಿಯಾಗುವುದನ್ನು ಕಾಯಬೇಕು. ತೊರೆ ಹಿಡಿದು ಇಳಿದರೆ ಊರು ಸಿಗುತ್ತದೆಂಬ ಮಾತು ಈ ಬೆಟ್ಟಗಳಲ್ಲಿ ನಂಬಲಾಗದು, ತೊರೆಗಳು ಇಲ್ಲಿ ಬಂಡೆಯಿಂದ ಧುಮುಕುತ್ತ ಇಳಿಯುತ್ತವೆ. ಒಂದು ಸೀಟಿ ಕುತ್ತಿಗೆಯಲ್ಲಿರಲಿ, ಕೂಗಿ ಕೂಗಿ ಗಂಟಲು ಬೀಳುತ್ತದೆ, ಸೀಟಿ ಬೀಳುವುದಿಲ್ಲ. ಜಿಗಣೆಗೆ ಹೆದರಿ ಬೆಟ್ಟ ಬಿಡಬೇಕಾಗಿಲ್ಲ. ಅದು ಅಸಹ್ಯ ಹುಟ್ಟಿಸುತ್ತದೆ, ಅಪಾಯವಿಲ್ಲ. ಹಾವು ಕಡಿದರೆ ಮಾತ್ರ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಮಾಡದೆ, ಕಡಿದ ಅಂಗವನ್ನು ಅಲುಗಾಡಿಸದೆ 108ಕ್ಕೆ ಕರೆ ಮಾಡಿ ಆಸ್ಪತ್ರೆ ಸೇರಬೇಕು.

ಆಸ್ಪತ್ರೆಯ ದೂರವನ್ನೂ ಹೊತ್ತಿನ ಲೆಕ್ಕದಲ್ಲಿ ಸೇರಿಸಲೇಬೇಕು. ಮಡಿಕೇರಿಯಲ್ಲಿ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಬೋಧಕ ಆಸ್ಪತ್ರೆಯಿದೆ, ವಿರಾಜಪೇಟೆ, ಸೋಮವಾರಪೇಟೆಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ತಲೆಗೆ ಪೆಟ್ಟು, ಹೃದಯಾಘಾತದಂಥ ಸಂದರ್ಭಗಳಲ್ಲಿ ಮೈಸೂರಿಗೋ ಮಂಗಳೂರಿಗೋ ಕಳುಹಿಸುವುದು ಇನ್ನೂ ತಪ್ಪಿಲ್ಲ. ಮಡಿಕೇರಿಯಿಂದ ಆ ಎರಡು ಊರುಗಳೂ ನೂರು ಕಿಲೋಮೀಟರಿಗಿಂತ ದೂರ. ಕೊಡಗಿಗೆ ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕೆಂದು 2019ರಲ್ಲಿ ಜನ ಸಾಮಾಜಿಕ ಜಾಲತಾಣಗಳಲ್ಲಿ ದೊಡ್ಡ ಅಭಿಯಾನವನ್ನೇ ನಡೆಸಿದ್ದು ಈ ದೂರದ ಕಾರಣಕ್ಕೆ. ಸಂಪಾಜೆ ಘಾಟಿ ಮುಚ್ಚಿದ ದಿನ ಮಂಗಳೂರಿನ ದಾರಿ ಇನ್ನಷ್ಟು ಸುತ್ತಾಗುತ್ತದೆ. ದಿನವೂ ನುಂಗುವ ಮಾತ್ರೆಗಳ, ರಕ್ತದ ಗುಂಪಿನ, ಒಗ್ಗದ ಔಷಧಿಯ ವಿವರವನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಂಡರೆ ಪ್ರಜ್ಞೆಯಿಲ್ಲದ ಸ್ಥಿತಿಯಲ್ಲೂ ಅದು ನಮ್ಮ ಪರವಾಗಿ ಮಾತಾಡುತ್ತದೆ.

ಗಂಡಸರ ಬಗ್ಗೆ ಏನೂ ಹೇಳಲಿಲ್ಲವಲ್ಲ ಎಂದು ಇಷ್ಟರಲ್ಲಿ ಯಾರಾದರೂ ಕೇಳಿಯಾರು. ಒಬ್ಬಳೇ ಹೊರಟ ಹೆಣ್ಣಿಗೆ ಸಿಗುವ ಬುದ್ಧಿವಾದದಲ್ಲಿ ಮುಕ್ಕಾಲು ಪಾಲು ಅದೇ ಆಗಿರುತ್ತದೆ: ಇಂಥ ಬಟ್ಟೆ ಬೇಡ, ನಗಬೇಡ, ಹೋಗಲೇಬೇಡ. ಅಪಾಯ ಸುಳ್ಳಲ್ಲ. ಆದರೆ ಈ ಬುದ್ಧಿವಾದದಿಂದ ತಪ್ಪು ಮಾಡುವವನಿಗೆ ಯಾವ ಅಡ್ಡಿಯೂ ಆದಂತಿಲ್ಲ, ಆದದ್ದೆಲ್ಲ ಹೋಗುವವಳಿಗೆ. ಬಸ್ಸಿನಲ್ಲಿ ಕಿರುಕುಳವಾದರೆ ಮೊದಲ ಸಲವೇ, ಎಲ್ಲರಿಗೂ ಕೇಳುವಂತೆ, ಏರುದನಿಯಲ್ಲಿ ಹೇಳಿಬಿಡುವುದು ಲೇಸು. ಸಹಿಸಿಕೊಂಡು ಮುಂದಿನ ನಿಲ್ದಾಣದಲ್ಲಿ ಇಳಿದರೆ ಅದು ನಿರ್ಜನ ತಿರುವಾಗಿರಬಹುದು. ಇಳಿಯುವುದಾದರೆ ಅಂಗಡಿ, ಬೆಳಕು, ಜನ ಇರುವಲ್ಲಿಯೇ ಇಳಿಯಬೇಕು. 112ಕ್ಕೆ ಕರೆ ಮಾಡಬಹುದು, ಹೆಂಗಸರಿಗೆ 181 ಸಹಾಯವಾಣಿಯೂ ಇದೆ. ದೂರು ಕೊಡುವಾಗ ಇದು ನಮ್ಮ ಸರಹದ್ದಲ್ಲ ಎಂಬ ಉತ್ತರ ಬಂದರೆ ಒಪ್ಪಬೇಕಾಗಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ, ಘಟನೆ ಎಲ್ಲೇ ನಡೆದಿರಲಿ, ಇಂಥ ಅಪರಾಧದ ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಪ್ರವಾಸ ಮುಗಿಸಿ ಮರಳಿದ ಊರಿನ ಠಾಣೆಯಲ್ಲೂ ಆಗುತ್ತದೆ.

ಇವೆಲ್ಲಕ್ಕೂ ಫೋನು ಬೇಕು, ಮತ್ತು ಕೊಡಗಿನಲ್ಲಿ ಫೋನನ್ನು ಪೂರ್ತಿ ನಂಬಲಾಗದು. ಮಳೆಗೆ ಮರ ಬಿದ್ದು ಕರೆಂಟು ಹೋದರೆ ಮೊಬೈಲ್ ಗೋಪುರಗಳೂ ಒಂದೊಂದಾಗಿ ಸುಮ್ಮನಾಗುತ್ತವೆ. ಸಿಗ್ನಲ್ ಹುಡುಕುತ್ತಲೇ ಬ್ಯಾಟರಿ ಖಾಲಿಯಾಗುತ್ತದೆ. ನೆಟ್‌ವರ್ಕಿಲ್ಲದ ಕಡೆ ಏರೋಪ್ಲೇನ್ ಮೋಡಿನಲ್ಲಿಟ್ಟರೆ ಸಂಜೆಯವರೆಗೆ ಬರುತ್ತದೆ. ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಬೇಕು. ನಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಯಾವುದಾದರೂ ನೆಟ್‌ವರ್ಕ್ ಇರುವ ಕಡೆ 112ರ ಕರೆ ಹೋಗುವುದುಂಟು, ಆದ್ದರಿಂದ ಒಮ್ಮೆ ಪ್ರಯತ್ನಿಸದೆ ಕೈಚೆಲ್ಲಬಾರದು. ನಾವು ಇರುವ ಜಾಗವನ್ನು ವಾಟ್ಸಾಪಿನಲ್ಲಿ ಎಂಟು ಗಂಟೆಗಳ ಕಾಲ ಹಂಚಿಕೊಳ್ಳಬಹುದು. ಸಿಗ್ನಲ್ ತಪ್ಪಿದ ಮೇಲೆ ಅದು ಕೊನೆಗೆ ಕಂಡ ಜಾಗದಲ್ಲೇ ನಿಂತುಬಿಡುತ್ತದೆ, ಹುಡುಕುವವರಿಗೆ ಆ ಕೊನೆಯ ಜಾಗವೂ ದೊಡ್ಡ ಸುಳಿವೇ.

ಹುಡುಕುವವರು ಯಾರು ಎಂಬುದನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳುವವರು ಮಾತ್ರ ಕಡಿಮೆ. ಮನೆಯಲ್ಲಿ ಹೇಳಿ ಬಂದಿದ್ದೇನೆ ಎನ್ನುತ್ತಾರೆ. ಏನು ಹೇಳಿ ಬಂದಿದ್ದೀರಿ ಎಂದರೆ, ಕೊಡಗಿಗೆ ಹೋಗುತ್ತೇನೆ ಎಂದು. ನಾನು ಸಭೆಗೆ ಹೊರಡುವಾಗ ಗೋಣಿಕೊಪ್ಪದಲ್ಲಿರುವ ನನ್ನ ಅಕ್ಕನಿಗೆ ಹೋಗುವ ಊರು, ಬಸ್ಸಿನ ಹೆಸರು, ಸಭೆ ನಡೆಯುವ ಮನೆಯವರ ಫೋನ್ ನಂಬರು, ಆ ಊರು ಯಾವ ಠಾಣೆಗೆ ಸೇರುತ್ತದೆ ಎಂಬುದು, ಮತ್ತು ಎಷ್ಟು ಹೊತ್ತಿನೊಳಗೆ ನನ್ನ ಸಂದೇಶ ಬರಬೇಕು ಎಂಬುದು, ಇಷ್ಟನ್ನು ಕಳುಹಿಸುತ್ತೇನೆ. ಆ ಹೊತ್ತು ಮೀರುವವರೆಗೆ ಅವಳು ಫೋನು ಮಾಡಿ ಮಾಡಿ ಬ್ಯಾಟರಿ ಮುಗಿಸಬಾರದು. ಮೀರಿದ ಮೇಲೆ ಇನ್ನೂ ಸ್ವಲ್ಪ ನೋಡೋಣ ಎಂದು ಕೂರಬಾರದು. ಮೊದಲು ಆ ಮನೆಗೆ, ನಂತರ ಬಸ್ಸಿನವರಿಗೆ, ಅಲ್ಲಿಯೂ ಸುದ್ದಿ ಸಿಗದಿದ್ದರೆ 112ಕ್ಕೆ ಎಂದು ಕ್ರಮವನ್ನೂ ಮಾತಾಡಿಕೊಂಡಿದ್ದೇವೆ. ತಲುಪಿದ ಮೇಲೆ ತಿಳಿಸಲು ಮರೆಯದಿರುವುದು ನನ್ನ ಪಾಲಿನ ಕರ್ತವ್ಯ. ಸುಳ್ಳು ಗಾಬರಿ ಎರಡು ಸಲವಾದರೆ ಮೂರನೆಯ ಸಲ ನಿಜವಾದದ್ದಕ್ಕೂ ಯಾರೂ ಏಳುವುದಿಲ್ಲ. ಹೇಳಿದ ಹೊತ್ತಿನ ಮೇಲೆ ಎಷ್ಟು ಕಾಯಬೇಕು ಎಂಬುದರಲ್ಲಿ ಮಾತ್ರ ನಮ್ಮಿಬ್ಬರಿಗೆ ಇನ್ನೂ ಒಮ್ಮತವಿಲ್ಲ. ಅಕ್ಕ ಒಂದು ಗಂಟೆ ಸಾಕೆನ್ನುತ್ತಾಳೆ. ಬೇಸಿಗೆಯಲ್ಲಿ ನಾನೂ ಒಪ್ಪುತ್ತೇನೆ. ಜುಲೈ ತಿಂಗಳ ಮಾಕುಟ್ಟದ ರಸ್ತೆಯಲ್ಲಿ ಒಂದು ಮರ ಬಿದ್ದರೆ ಅದನ್ನು ಕಡಿದು ಸರಿಸುವುದಕ್ಕೇ ಎರಡು ಗಂಟೆ ಹಿಡಿಯುತ್ತದೆ ಎಂಬುದು ನನ್ನ ವಾದ.